ಎಡತೊರೆಯಿಂದ ಗೂಗಲ್‌ವರೆಗೆ: ನಮ್ಮೂರಿನ ಅಂಗಡಿ ಸಿಗುವುದು ಯಾವ ಹೆಸರಿಗೆ?

ನಮ್ಮೂರಿಗೆ ಹೆಸರು ಜಾಸ್ತಿ. ಸರ್ಕಾರಿ ಕಾಗದದಲ್ಲಿ ಕೃಷ್ಣರಾಜನಗರ. ಬಸ್ಸಿನ ಬೋರ್ಡಿನಲ್ಲಿ, ಮಾತಿನಲ್ಲಿ ಕೆ.ಆರ್. ನಗರ. ಅರ್ಕೇಶ್ವರನ ಗುಡಿಯ ಕಡೆ ಹೊರಟರೆ ಹಳೇ ಎಡತೊರೆ. 1920ರ ದಶಕದಲ್ಲಿ ಕಾವೇರಿಯ ನೆರೆಗೆ ನಲುಗಿದ ಎಡತೊರೆಯನ್ನು ಬಿಟ್ಟು, ಸ್ವಲ್ಪ ದೂರದಲ್ಲಿ ಅಗಲವಾದ ರಸ್ತೆಗಳ ಹೊಸ ಊರು ಕಟ್ಟಿದರು. ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಊರು ಜಾಗ ಬದಲಿಸಿತು, ಹೆಸರೂ ಬದಲಾಯಿತು. ಆದರೆ ಹಳೆಯ ಹೆಸರು ಜನರ ಬಾಯಿಂದ ಹೋಗಲಿಲ್ಲ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಈಗ ತಾಲ್ಲೂಕಿನಲ್ಲಿ ಅಕ್ಕಿ ಗಿರಣಿ, ಗಾಣದ ಎಣ್ಣೆ, ಬೆಲ್ಲ, ಮೋಟಾರ್ ರಿಪೇರಿ, ಹೋಂಸ್ಟೇ ಹೀಗೆ ಸಣ್ಣ ವ್ಯವಹಾರ ಮಾಡುವವರಲ್ಲೂ ವೆಬ್‌ಸೈಟ್ ಮಾಡಿಸಿಕೊಂಡವರಿದ್ದಾರೆ. ಅವರಿಂದ ನಾವು ಕೇಳುವ ಪ್ರಶ್ನೆ ಒಂದೇ: ‘ಸೈಟ್ ಇದೆ, ದುಡ್ಡೂ ಕೊಟ್ಟಿದ್ದೇವೆ, ಆದರೆ ಗೂಗಲ್‌ನಲ್ಲಿ ಹುಡುಕಿದರೆ ಬರುವುದಿಲ್ಲ ಏಕೆ?’ ಇದಕ್ಕೆ ಉತ್ತರ ಬರೀ ಕಂಪ್ಯೂಟರಿನಲ್ಲಿಲ್ಲ, ಚರಿತ್ರೆಯಲ್ಲೂ ಇದೆ. ಹುಡುಕುವವರು ಯಾವ ಹೆಸರು ಹಿಡಿದು ಕೂಗುತ್ತಾರೋ ಆ ಹೆಸರಿಗೆ ಓಗೊಟ್ಟವರು ಸಿಗುತ್ತಾರೆ, ಉಳಿದವರು ಸಿಗುವುದಿಲ್ಲ. ಅಂಚೆಯ ಕಾಲದಿಂದ ಇಂದಿನವರೆಗೂ ನಡೆದುಬಂದಿರುವುದು ಇದೇ.

ಅಂಚೆಯವರ ತಲೆನೋವು

ಒಂದೇ ಹೆಸರಿನ ಊರುಗಳು ದೇಶದ ತುಂಬ ಇವೆ. ವಿಳಾಸವನ್ನು ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ, ಒಂದೊಂದು ಕಾಗುಣಿತದಲ್ಲಿ ಬರೆಯುತ್ತಾರೆ. ಈ ಗೊಂದಲ ತಪ್ಪಿಸಲೆಂದೇ 1972ರ ಆಗಸ್ಟ್ 15ರಂದು ಆರಂಕಿಯ ಪಿನ್ ಕೋಡ್ ಜಾರಿಗೆ ಬಂತು. ಇದರ ಹಿಂದಿದ್ದವರು ಕೇಂದ್ರ ಸಂಪರ್ಕ ಇಲಾಖೆಯ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್. ಕೃಷ್ಣರಾಜನಗರ ಎಂದು ಬರೆಯಲಿ, ಕೆ.ಆರ್. ನಗರ ಎನ್ನಲಿ, 571602 ಎಂದಿದ್ದರೆ ಕಾಗದ ಇಲ್ಲಿಗೇ ಬರುತ್ತದೆ.

ಆ ಗೊಂದಲ ಸಣ್ಣದೇನಲ್ಲ. ಮಂಡ್ಯ ಜಿಲ್ಲೆಯಲ್ಲಿ ಕೆ.ಆರ್. ಪೇಟೆ, ಬೆಂಗಳೂರಿನಲ್ಲಿ ಕೆ.ಆರ್. ಪುರ, ಕಾವೇರಿಗೆ ಅಡ್ಡಲಾಗಿ ಕೆ.ಆರ್.ಎಸ್. ನಮ್ಮ ಪಕ್ಕದ ಸಾಲಿಗ್ರಾಮದ ಹೆಸರಿನದೇ ಇನ್ನೊಂದು ಊರು ಉಡುಪಿ ಜಿಲ್ಲೆಯಲ್ಲಿದೆ, ಗುರುನರಸಿಂಹ ದೇವಸ್ಥಾನಕ್ಕೆ ಹೆಸರಾದದ್ದು. ಹೆಗ್ಗಡದೇವನಕೋಟೆ ಬಾಯಲ್ಲಿ ಎಚ್.ಡಿ. ಕೋಟೆಯಾಗಿ, ಆಮೇಲೆ ಬರೀ ಕೋಟೆಯಾಗಿದೆ. ಪಿರಿಯಾಪಟ್ಟಣದ ಮೊದಲ ಅಕ್ಷರವನ್ನು ಇಂಗ್ಲಿಷಿನಲ್ಲಿ ಕೆಲವರು ‘ಪಿ’ ಎಂದೂ ಕೆಲವರು ‘ಪೆ’ ಎಂದೂ ಬರೆಯುತ್ತಾರೆ. ಮೈಸೂರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬದಲಾಯಿತು. ಹಳೆಯ ಕಾಗುಣಿತ ಈಗಲೂ ಬಳಕೆಯಲ್ಲಿದೆ. ಅಂಚೆಯವರಿಗೆ 1972ರಲ್ಲಿ ಇದ್ದ ತಲೆನೋವೇ ಸರ್ಚ್ ಇಂಜಿನ್‌ಗೂ ಇದೆ.

ಫೋನು ಬಂತು, ಪಟ್ಟಿ ಬಂತು

ಆಮೇಲೆ ಬಂದದ್ದು ದೂರವಾಣಿ. ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ಸಣ್ಣ ಎಕ್ಸ್‌ಚೇಂಜ್ ತಯಾರಿಸಿತು. ಧೂಳು, ಬಿಸಿಲು ತಡೆಯುವ, ಎ.ಸಿ. ಬೇಡದ ಆ ಯಂತ್ರವನ್ನು ಮೊದಲು ಹಾಕಿದ್ದು ನಮ್ಮ ರಾಜ್ಯದಲ್ಲೇ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, 1986ರಲ್ಲಿ. ಫೋನು ಬಂದ ಮೇಲೆ ಡೈರೆಕ್ಟರಿ ಬಂತು. ಅದರಲ್ಲಿ ಹೆಸರು ಅಚ್ಚಾದವರು ಸಿಕ್ಕರು. ವಿ.ಎಸ್.ಎಸ್. ಮಣಿ 1996ರಲ್ಲಿ ಜಸ್ಟ್ ಡಯಲ್ ಶುರು ಮಾಡಿದಾಗ ಡೈರೆಕ್ಟರಿ ತಿರುವುವ ಕೆಲಸವೂ ತಪ್ಪಿತು. ಫೋನ್ ಮಾಡಿ ‘ಇಂಥ ಅಂಗಡಿ ಎಲ್ಲಿದೆ’ ಎಂದರೆ ಆ ಕಡೆಯವರು ನಂಬರ್ ಕೊಡುತ್ತಿದ್ದರು.

ಇಂಟರ್‌ನೆಟ್ ಕೂಡ ಇದೇ ದಾರಿಯಲ್ಲಿ ಬಂತು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಮೂಲಕ. ಆಗ ಹೆಸರಾಗಿದ್ದ ಯಾಹೂ 1994ರಲ್ಲಿ ಶುರುವಾದದ್ದು ಒಂದು ಪಟ್ಟಿಯಾಗಿ. ಮನುಷ್ಯರೇ ಕುಳಿತು ಸೈಟುಗಳನ್ನು ವಿಷಯವಾರು ಜೋಡಿಸುತ್ತಿದ್ದರು. ನಮ್ಮ ದೇಶದಲ್ಲಿ ರಾಜೇಶ್ ಜೈನ್ ಅವರ ಇಂಡಿಯಾವರ್ಲ್ಡ್ ಸಂಸ್ಥೆ ‘ಖೋಜ್’ ಎಂಬ ಹುಡುಕುವ ತಾಣ ನಡೆಸುತ್ತಿತ್ತು. 1999ರಲ್ಲಿ ಇಂಡಿಯಾವರ್ಲ್ಡನ್ನು ಸತ್ಯಂ ಇನ್ಫೋವೇ 499 ಕೋಟಿ ರೂಪಾಯಿಗೆ ಕೊಳ್ಳಲು ಒಪ್ಪಿದಾಗ ದೇಶವೇ ಬೆರಗಾಯಿತು. ಹುಡುಕಿಕೊಡುವ ಕೆಲಸಕ್ಕೆ ಅಷ್ಟು ಬೆಲೆ ಇದೆ ಎಂದು ಬಹಳ ಜನಕ್ಕೆ ತಿಳಿದದ್ದು ಆಗಲೇ.

ಸೈಟುಗಳು ಲಕ್ಷಗಟ್ಟಲೆ ಆದಾಗ ಕೈಯಿಂದ ಪಟ್ಟಿ ಮಾಡುವುದು ಆಗದ ಮಾತಾಯಿತು. ಯಂತ್ರವೇ ಪುಟಗಳನ್ನು ಓದಿ, ಯಾವ ಪುಟದಲ್ಲಿ ಯಾವ ಪದ ಇದೆ ಎಂದು ಗುರುತು ಮಾಡಿಕೊಳ್ಳತೊಡಗಿತು. ತಕ್ಷಣ ಮೋಸವೂ ಶುರುವಾಯಿತು. ಒಂದೇ ಪದವನ್ನು ನೂರು ಸಲ ಬರೆಯುವುದು, ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಬಚ್ಚಿಟ್ಟು ಬರೆಯುವುದು. 1998ರಲ್ಲಿ ಲ್ಯಾರಿ ಪೇಜ್, ಸೆರ್ಗಿ ಬ್ರಿನ್ ಕಟ್ಟಿದ ಗೂಗಲ್ ಕಂಪನಿ ಗೆದ್ದದ್ದು ಇಲ್ಲೇ. ‘ನೀನು ನಿನ್ನ ಬಗ್ಗೆ ಏನು ಹೇಳಿಕೊಳ್ಳುತ್ತೀಯ ಎನ್ನುವುದಷ್ಟೇ ಸಾಲದು, ಬೇರೆಯವರು ನಿನ್ನ ಕಡೆ ಬೆರಳು ತೋರಿಸುತ್ತಾರೆಯೇ’ ಎಂದು ಅದು ನೋಡಿತು. ಬೇರೆ ಸೈಟುಗಳು ಕೊಟ್ಟ ಲಿಂಕುಗಳನ್ನು ಸಾಕ್ಷಿಯಂತೆ ತೂಗಿತು. ಸಂತೆಯಲ್ಲಿ ಎತ್ತು ಕೊಳ್ಳುವವರು ಮಾರುವವನ ಮಾತು ನಂಬದೆ, ಅವನ ಊರಿನವರನ್ನು ವಿಚಾರಿಸುತ್ತಾರಲ್ಲ, ಹಾಗೆ. ಚುಂಚನಕಟ್ಟೆ ಜಾತ್ರೆ ನೋಡಿದವರಿಗೆ ಇದು ಹೊಸ ವಿದ್ಯೆ ಅನ್ನಿಸುವುದಿಲ್ಲ.

ಮೋಸಗಾರರು ಲಿಂಕನ್ನೂ ದುಡ್ಡಿಗೆ ಮಾರಿದರು. ಗೂಗಲ್ 2011ರಲ್ಲಿ ಪಾಂಡಾ, 2012ರಲ್ಲಿ ಪೆಂಗ್ವಿನ್ ಎಂಬ ಹೆಸರಿನ ಬದಲಾವಣೆ ತಂದು ಹುರುಳಿಲ್ಲದ ಪುಟಗಳನ್ನೂ, ಕೊಂಡುಕೊಂಡ ಲಿಂಕುಗಳನ್ನೂ ಕೆಳಗೆ ತಳ್ಳಿತು.

ಕನ್ನಡ ಇದ್ದರೂ ಕಾಣದ ಕಾಲ

ಇದೆಲ್ಲ ಇಂಗ್ಲಿಷಿನ ಕಥೆ. ಕನ್ನಡದ ಕಷ್ಟ ಬೇರೆಯೇ ಇತ್ತು.

ಕನ್ನಡ ಇಂಟರ್‌ನೆಟ್ಟಿಗೆ ತಡವಾಗಿ ಬರಲಿಲ್ಲ. ಡಾ. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ 1996ರಲ್ಲೇ ಬಂತು. ಶೇಷಾದ್ರಿ ವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಯಿಂದ ಹಿಡಿದು ಡಿ.ಟಿ.ಪಿ. ಅಂಗಡಿಯವರೆಗೆ ಎಲ್ಲ ಕಡೆ ಕೂತಿತು. ಕನ್ನಡದಲ್ಲಿ ಬೇಕಾದಷ್ಟು ಟೈಪ್ ಆಯಿತು, ಪತ್ರಿಕೆಗಳೂ ಸೈಟ್ ಮಾಡಿದವು.

ತೊಂದರೆ ಇದ್ದದ್ದು ಒಳಗೆ. ಆ ಕಾಲದ ಫಾಂಟುಗಳಲ್ಲಿ ಕನ್ನಡ ಅಕ್ಷರಕ್ಕೆ ಕಂಪ್ಯೂಟರಿನಲ್ಲಿ ಸ್ವಂತ ಜಾಗವಿರಲಿಲ್ಲ. ಇಂಗ್ಲಿಷ್ ಅಕ್ಷರ, ಗುರುತುಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದರು. ಕಣ್ಣಿಗೆ ‘ಕನ್ನಡ’ ಎಂದು ಕಂಡದ್ದು ಯಂತ್ರಕ್ಕೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಗುರುತು ಹೀಗೆ ಕಂಡಿತು. ನುಡಿಯಲ್ಲಿ ಮಾಡಿದ ಮದುವೆ ಕಾಗದವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರೆಲ್ಲ ಈ ಗೋಜಲನ್ನು ನೋಡಿಯೇ ಇರುತ್ತಾರೆ. ಸರ್ಚ್ ಇಂಜಿನ್‌ಗೆ ಓದಲು ಸಿಕ್ಕಿದ್ದೂ ಈ ಗೋಜಲೇ. ಹಾಗಾಗಿ ಸಾವಿರಾರು ಪುಟ ಕನ್ನಡ ಇಂಟರ್‌ನೆಟ್ಟಿನಲ್ಲಿದ್ದೂ, ಕನ್ನಡದಲ್ಲಿ ಹುಡುಕಿದವರಿಗೆ ಸಿಗಲಿಲ್ಲ.

ಮದ್ದು ಮೊದಲೇ ಇತ್ತು. ಜಗತ್ತಿನ ಪ್ರತಿ ಅಕ್ಷರಕ್ಕೂ ಅದರದೇ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡವಿದೆ. ಒಂದು ರೀತಿಯಲ್ಲಿ ಅದು ಅಕ್ಷರಗಳ ಪಿನ್ ಕೋಡ್. ಆದರೆ ಅದು ನಮ್ಮ ಕೈಗೆ ಬರಲು ಸಮಯ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಫಾಂಟಿನ ಜೊತೆ ಬಂತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಮೊದಮೊದಲ ಸ್ಮಾರ್ಟ್‌ಫೋನುಗಳಲ್ಲಿ ಕನ್ನಡ ಚೌಕ ಚೌಕವಾಗಿ ಕಾಣುತ್ತಿತ್ತು. 2016ರಲ್ಲಿ ಜಿಯೋ ಬರುವ ಹೊತ್ತಿಗೆ ಫೋನುಗಳಲ್ಲಿ ಕನ್ನಡ ಸರಿಯಾಗಿ ಕಾಣತೊಡಗಿತ್ತು, ಡೇಟಾವೂ ಅಗ್ಗವಾಯಿತು.

ಇದು ಮುಗಿದ ಕಥೆ ಅಂದುಕೊಳ್ಳಬೇಡಿ. ಇಂದಿಗೂ ನಮ್ಮ ಅಂಗಡಿಗಳ ವಿವರ ಡಿ.ಟಿ.ಪಿ.ಯಲ್ಲಿ ಹಳೆಯ ಫಾಂಟಿನಲ್ಲಿ ತಯಾರಾಗುತ್ತದೆ. ಅದನ್ನು ಚಿತ್ರ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಗುಂಪಿನೊಳಗೆ ಸರ್ಚ್ ಇಂಜಿನ್ ಬರುವುದಿಲ್ಲ. ಅದೇ ಚಿತ್ರವನ್ನು ಸೈಟಿಗೆ ಹಾಕಿ, ಕೆಳಗೆ ಒಂದು ಸಾಲೂ ಬರೆಯದಿದ್ದರೆ ಆ ಪುಟ ಸಿಗುವುದು ಕಷ್ಟ.

ನಕ್ಷೆಯಲ್ಲಿ ಹಳ್ಳಿ

ಸಣ್ಣ ಅಂಗಡಿಗೆ ದೊಡ್ಡ ಬದಲಾವಣೆ ತಂದದ್ದು ನಕ್ಷೆ. ಗೂಗಲ್ ಮ್ಯಾಪ್ಸ್ 2005ರಲ್ಲಿ ಬಂದಾಗ ನಮ್ಮ ಕಡೆಯ ಹಳ್ಳಿಗಳಿಗೆ ಅದರಿಂದ ಹೆಚ್ಚು ಉಪಯೋಗವಿರಲಿಲ್ಲ. 2008ರಲ್ಲಿ ಗೂಗಲ್‌ನ ಭಾರತದ ಎಂಜಿನಿಯರುಗಳು, ಲಲಿತೇಶ್ ಕತ್ರಗಡ್ಡ ಅವರ ಮುಂದಾಳತ್ವದಲ್ಲಿ, ‘ಮ್ಯಾಪ್ ಮೇಕರ್’ ಹೊರತಂದರು. ಊರಿನವರೇ ರಸ್ತೆ, ಗುಡಿ, ಶಾಲೆ ಗುರುತಿಸಬಹುದಿತ್ತು. 2017ರಲ್ಲಿ ಅದು ಮುಚ್ಚಿತು. ಅಷ್ಟರೊಳಗೆ, 2014ರಲ್ಲಿ, ಅಂಗಡಿಯವರಿಗೆಂದೇ ‘ಗೂಗಲ್ ಮೈ ಬಿಸಿನೆಸ್’ ಬಂದಿತ್ತು. 2021ರಲ್ಲಿ ಅದರ ಹೆಸರು ‘ಗೂಗಲ್ ಬಿಸಿನೆಸ್ ಪ್ರೊಫೈಲ್’ ಆಯಿತು.

ಅಂಗಡಿ ನಿಜವಾಗಿ ಅಲ್ಲಿದೆಯೇ ಎಂದು ತಿಳಿಯಲು ಗೂಗಲ್ ಬಹಳ ವರ್ಷ ಬಳಸಿದ್ದು ಅಂಚೆಯನ್ನೇ. ಒಂದು ಕಾರ್ಡಿನಲ್ಲಿ ಗುಟ್ಟಿನ ಸಂಖ್ಯೆ ಅಚ್ಚು ಹಾಕಿಸಿ ವಿಳಾಸಕ್ಕೆ ಕಳಿಸುತ್ತಿತ್ತು. ಅಮೆರಿಕದ ಕಂಪನಿಗೂ 1972ರ ಆರಂಕಿಯೇ ದಾರಿ ತೋರಿಸಬೇಕಾಯಿತು. ಈಗ ಹೆಚ್ಚಾಗಿ ಅಂಗಡಿಯ ವಿಡಿಯೋ ಕೇಳುತ್ತಾರೆ.

ಹತ್ತಿರದ ಅಂಗಡಿ ತೋರಿಸುವಾಗ ಮುಖ್ಯವಾಗಿ ಮೂರು ವಿಷಯ ನೋಡುವುದಾಗಿ ಗೂಗಲ್ಲೇ ಹೇಳುತ್ತದೆ. ಕೇಳಿದ್ದಕ್ಕೂ ಅಂಗಡಿಗೂ ಹೊಂದಿಕೆ ಇದೆಯೇ, ಎಷ್ಟು ದೂರ, ಎಷ್ಟು ಹೆಸರುವಾಸಿ. ದೂರ ನಮ್ಮ ಕೈಯಲ್ಲಿಲ್ಲ. ಉಳಿದ ಎರಡು ನಮ್ಮ ಕೈಯಲ್ಲಿವೆ.

ಬಾಡಿಗೆ ಜಾಗದ ಪಾಠ

ಬಿಸಿನೆಸ್ ಪ್ರೊಫೈಲ್ ಮಾಡಿದವರಿಗೆ ಗೂಗಲ್ 2017ರಿಂದ ಪುಕ್ಕಟೆ ವೆಬ್‌ಸೈಟ್ ಕೊಟ್ಟಿತ್ತು. ಫೋನಿನಲ್ಲೇ ಹತ್ತು ನಿಮಿಷಕ್ಕೆ ತಯಾರು. ದುಡ್ಡಿಲ್ಲದ ಎಷ್ಟೋ ಸಣ್ಣ ವ್ಯಾಪಾರಿಗಳು ಅದನ್ನೇ ನಂಬಿದರು, ಅದರ ವಿಳಾಸವನ್ನೇ ಚೀಟಿ, ಬೋರ್ಡುಗಳಲ್ಲಿ ಬರೆಸಿದರು. 2024ರ ಮಾರ್ಚ್‌ನಲ್ಲಿ ಗೂಗಲ್ ಅವನ್ನೆಲ್ಲ ಮುಚ್ಚಿತು. ಜೂನ್ ವರೆಗೆ ಹಳೆಯ ವಿಳಾಸ ಒತ್ತಿದವರನ್ನು ಪ್ರೊಫೈಲ್ ಕಡೆ ಕಳಿಸಿತು, ಆಮೇಲೆ ಅದೂ ನಿಂತಿತು. ಬೋರ್ಡಿನ ಮೇಲೆ ವಿಳಾಸ ಉಳಿಯಿತು, ಒತ್ತಿದರೆ ಏನೂ ಇಲ್ಲ.

ಎಡತೊರೆಯವರು ಊರು ಬಿಟ್ಟಾಗ ಹೊಸ ಊರಿಗೆ ಜಾಗ ಗೊತ್ತು ಮಾಡಿದ್ದರು. ಇಲ್ಲಿ ಹಾಗಿರಲಿಲ್ಲ, ಹೊಸ ಮನೆಯನ್ನು ಅವರವರೇ ಹುಡುಕಿಕೊಳ್ಳಬೇಕಾಯಿತು. ಅದಕ್ಕೇ ಸ್ವಂತ ಹೆಸರಿನ ಡೊಮೈನ್ ಇರಲಿ ಎನ್ನುತ್ತೇವೆ. ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಅದನ್ನು ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಲ್ಲ, ನಿಮ್ಮ ಹೆಸರು, ನಿಮ್ಮ ಇಮೇಲ್‌ನಲ್ಲೇ ನೋಂದಾಯಿಸಿ. ಜಮೀನಿನ ಪಹಣಿ ಯಾರ ಹೆಸರಿನಲ್ಲಿದೆ ಎಂದು ನೋಡುವಷ್ಟೇ ಜಾಗ್ರತೆಯಿಂದ ಇದನ್ನೂ ನೋಡಬೇಕು.

ಈ ಚರಿತ್ರೆಯಿಂದ ನಮಗೆ ಸಿಗುವುದು

ಮೊದಲನೆಯದು, ಗಿರಾಕಿ ಕೇಳುವ ಮಾತಿನಲ್ಲೇ ಬರೆಯಿರಿ. ಅಕ್ಕಿ ಗಿರಣಿಯ ಸೈಟಿನಲ್ಲಿ ಇಂಗ್ಲಿಷಿನಲ್ಲಿ ‘ಅತ್ಯುತ್ತಮ ಗುಣಮಟ್ಟದ ಆಹಾರಧಾನ್ಯ ಸರಬರಾಜುದಾರರು’ ಎಂದು ಬರೆದಿದ್ದರೆ ಅದನ್ನು ಯಾರು ಹುಡುಕುತ್ತಾರೆ? ಜನ ಹುಡುಕುವುದು ‘ರಾಜಮುಡಿ ಅಕ್ಕಿ’, ‘ರೈಸ್ ಮಿಲ್ ಕೆ.ಆರ್. ನಗರ’ ಎಂದು. ಕನ್ನಡದಲ್ಲೂ ಬರೆಯಿರಿ, ಇಂಗ್ಲಿಷಿನಲ್ಲೂ ಬರೆಯಿರಿ. ಊರಿನ ಪೂರ್ತಿ ಹೆಸರು, ಮೊಟಕು ಹೆಸರು, ಜಿಲ್ಲೆ, ಪಿನ್ ಕೋಡ್ ನಾಲ್ಕೂ ಪುಟದಲ್ಲಿರಲಿ. ಸಾಲಿಗ್ರಾಮದವರು ‘ಮೈಸೂರು ಜಿಲ್ಲೆ’ ಎಂದು ಸೇರಿಸದಿದ್ದರೆ ಉಡುಪಿ ಕಡೆಯ ಸಾಲಿಗ್ರಾಮದ ಜೊತೆ ಬೆರೆತುಹೋಗುತ್ತಾರೆ. ಆದರೆ ಒಂದೇ ಪದವನ್ನು ನೂರು ಸಲ ತುರುಕಬೇಡಿ, ಆ ಕಾಲ ಹೋಯಿತು.

ಎರಡನೆಯದು, ಕನ್ನಡವನ್ನು ಯೂನಿಕೋಡ್‌ನಲ್ಲೇ ಹಾಕಿಸಿ. ಪರೀಕ್ಷೆ ಸುಲಭ. ಸೈಟಿನ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ. ಕನ್ನಡವಾಗೇ ಬಂದರೆ ಸರಿ, ಗೋಜಲು ಬಂದರೆ ಬದಲಾಯಿಸಬೇಕು.

ಮೂರನೆಯದು, ಸಾಕ್ಷಿ ಬೇಕು. ಬಂದ ಗಿರಾಕಿಗೆ ನಿಜವಾದ ನಾಲ್ಕು ಮಾತು ಬರೆಯಲು ಕೇಳಿ. ದುಡ್ಡು ಕೊಟ್ಟು ಬರೆಸಬೇಡಿ. ಅಂಗಡಿಯ ಹೆಸರು, ಫೋನ್ ನಂಬರ್ ಎಲ್ಲ ಕಡೆಯೂ ಒಂದೇ ರೀತಿ ಇರಲಿ.

ನಾಲ್ಕನೆಯದು, ‘ಗೂಗಲ್‌ನಿಂದ ಮಾತಾಡುತ್ತಿದ್ದೇವೆ, ದುಡ್ಡು ಕೊಟ್ಟರೆ ನಂಬರ್ ಒನ್ ಮಾಡುತ್ತೇವೆ’ ಎಂದು ಫೋನ್ ಬಂದರೆ ಇಟ್ಟುಬಿಡಿ. ಬಿಸಿನೆಸ್ ಪ್ರೊಫೈಲ್ ಪುಕ್ಕಟೆ. ಮೊದಲ ಸ್ಥಾನದ ಖಾತರಿ ಯಾರೂ ಕೊಡಲಾಗದು ಎಂದು ಗೂಗಲ್ಲೇ ಹೇಳಿದೆ. ದುಡ್ಡಿಗೆ ಸಿಗುವುದು ಜಾಹೀರಾತು. ಅದರ ಮೇಲೆ ಜಾಹೀರಾತು ಎಂಬ ಗುರುತಿರುತ್ತದೆ, ದುಡ್ಡು ನಿಂತ ದಿನ ಅದೂ ನಿಲ್ಲುತ್ತದೆ.

ಕೊನೆಗೆ, ‘ಸರ್ಚ್ ಕನ್ಸೋಲ್’ ಎಂಬ ಪುಕ್ಕಟೆ ಸಾಧನವನ್ನು ಸೈಟ್ ಮಾಡಿದವರಿಂದ ಹಾಕಿಸಿಕೊಳ್ಳಿ. ಜನ ಯಾವ ಯಾವ ಪದ ಒತ್ತಿದಾಗ ನಿಮ್ಮ ಸೈಟ್ ಕಾಣಿಸಿತು ಎಂದು ಅದು ಪಟ್ಟಿ ಕೊಡುತ್ತದೆ. ತಿಂಗಳಿಗೊಮ್ಮೆ ಆ ಪಟ್ಟಿ ನೋಡಿ. ಜನ ಯಾವ ಮಾತಿನಲ್ಲಿ ಕೇಳುತ್ತಿದ್ದಾರೆ ಎಂದು ಅದರಲ್ಲಿ ಕಾಣುತ್ತದೆ. ಆ ಮಾತು ನಿಮ್ಮ ಪುಟದಲ್ಲಿ ಇಲ್ಲದಿದ್ದರೆ ಅವತ್ತೇ ಸೇರಿಸಿ.