ಅನ್ನ ಉಂಟು, ಪಾಲು ಇಲ್ಲ

ಬೀದರ್ ಜಿಲ್ಲೆಯ ಬಸವಕಲ್ಯಾಣ ಎಂದೊಡನೆ ನಮಗೆ ನೆನಪಾಗುವುದು ಶರಣರು, ಅನುಭವ ಮಂಟಪ. ಬಸವಣ್ಣನವರಿಗಿಂತ ಮೊದಲು ಇದೇ ಊರು ಚಾಲುಕ್ಯರ ರಾಜಧಾನಿಯಾಗಿತ್ತು. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತ ಇಲ್ಲಿ ಕುಳಿತು ಯಾಜ್ಞವಲ್ಕ್ಯ ಸ್ಮೃತಿಗೆ ಒಂದು ವ್ಯಾಖ್ಯಾನ ಬರೆದ. ಅದರ ಹೆಸರು 'ಮಿತಾಕ್ಷರ'. ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಹೆಚ್ಚಿನ ಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿ ಯಾರಿಗೆ ಎಂಬ ಪ್ರಶ್ನೆಗೆ ಶತಮಾನಗಳ ಕಾಲ ಉತ್ತರ ಕೊಟ್ಟದ್ದು ಈ ಪುಸ್ತಕವೇ.

ಮಿತಾಕ್ಷರದ ಹೆಸರು ನಿಂತಿರುವುದು ಒಂದು ದೊಡ್ಡ ತತ್ತ್ವದ ಮೇಲೆ: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಅಪ್ಪ ಸಾಯುವವರೆಗೆ ಕಾಯಬೇಕಿಲ್ಲ, ಅಪ್ಪ ಕೊಟ್ಟರೆ ಉಂಟು ಕೊಡದಿದ್ದರೆ ಇಲ್ಲ ಎಂಬಂತೆಯೂ ಇಲ್ಲ. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಕರಣವಿದೆ. ಪಾಲಿಗೆ ಅರ್ಹರಲ್ಲದವರು ಯಾರು ಎಂದು ಅಲ್ಲಿ ಹೇಳಿದೆ. ಮೂಲ ಸ್ಮೃತಿಯ ಪಟ್ಟಿಯಲ್ಲಿ ಪತಿತರ ಜೊತೆಗೆ ಕುಂಟರು, ಕುರುಡರು, ಬುದ್ಧಿ ಸ್ವಾಧೀನದಲ್ಲಿಲ್ಲದವರು, ವಾಸಿಯಾಗದ ರೋಗವುಳ್ಳವರು ಬರುತ್ತಾರೆ. ಮನುಸ್ಮೃತಿಯ ಪಟ್ಟಿ ಕಿವುಡರನ್ನೂ ಮೂಗರನ್ನೂ ಸೇರಿಸುತ್ತದೆ. ಹುಟ್ಟಿನಿಂದ ಬರುವ ಹಕ್ಕನ್ನು ಹುಟ್ಟಿನಿಂದಲೇ ಬಂದ ಕುರುಡು ಕಿತ್ತುಕೊಳ್ಳುತ್ತಿತ್ತು.

ಈ ಭಾಗದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಎರಡು ಪದಗಳು: 'ಭರ್ತವ್ಯ' ಮತ್ತು 'ನಿರಂಶಕ'. ಭರ್ತವ್ಯ ಎಂದರೆ ಸಾಕಬೇಕಾದವನು, ನಿರಂಶಕ ಎಂದರೆ ಪಾಲಿಲ್ಲದವನು. ಇಂಥವರಿಗೆ ಪಾಲು ಕೊಡಬೇಕಿಲ್ಲ, ಆದರೆ ಅನ್ನ ಬಟ್ಟೆ ಕೊಡಲೇಬೇಕು, ಕೊಡದ ಮನೆಯವರು ಪತಿತರಾಗುತ್ತಾರೆ. ಕರುಣೆ ಮತ್ತು ವಂಚನೆ ಒಂದೇ ವಾಕ್ಯದಲ್ಲಿ ಹೆಣೆದುಕೊಂಡಿವೆ.

ವಿಜ್ಞಾನೇಶ್ವರನಿಗೂ ಈ ನಿಯಮ ಚುಚ್ಚಿರಬೇಕು ಅನ್ನಿಸುತ್ತದೆ. ಆತ ಅದರ ಅಂಚುಗಳನ್ನು ಅಲ್ಲಲ್ಲಿ ಸವೆಸುತ್ತಾನೆ. ಪಾಲಾಗುವ ಮೊದಲು ಊನವಿದ್ದರೆ ಮಾತ್ರ ಹಕ್ಕು ಹೋಗುತ್ತದೆ, ಪಾಲು ಪಡೆದ ಮೇಲೆ ಕಣ್ಣು ಹೋದವನಿಂದ ಅದನ್ನು ಕಿತ್ತುಕೊಳ್ಳುವಂತಿಲ್ಲ. ಔಷಧದಿಂದ ಗುಣವಾದರೆ, ವಿಭಾಗವಾದ ನಂತರ ಹುಟ್ಟಿದ ಮಗನಿಗೆ ಸಿಗುವಂತೆ ಅವನಿಗೂ ಪಾಲು ಸಿಗಬೇಕು. ಊನವಿಲ್ಲದ ಮಕ್ಕಳಿಗೆ ಅಪ್ಪನ ಭಾಗ ಬರುತ್ತದೆ. ಮಹಾಭಾರತ ಓದಿದವರಿಗೆ ಈ ಕೊನೆಯ ಮಾತು ಪರಿಚಿತ. ಕಣ್ಣಿಲ್ಲವೆಂದು ಧೃತರಾಷ್ಟ್ರನಿಗೆ ಸಿಂಹಾಸನ ತಪ್ಪಿತು. ಅಪ್ಪನಿಗೆ ಕಣ್ಣಿಲ್ಲದಿದ್ದರೆ ಮಗನಾದ ನನ್ನ ತಪ್ಪೇನು ಎಂಬುದೇ ದುರ್ಯೋಧನನ ಹೊಟ್ಟೆಕಿಚ್ಚಿನ ಬುಡದಲ್ಲಿರುವ ತರ್ಕ.

1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರದ ದಾಯಭಾಗ ಪ್ರಕರಣವನ್ನು ಇಂಗ್ಲಿಷಿಗೆ ಅನುವಾದಿಸಿ ಕಲ್ಕತ್ತೆಯಲ್ಲಿ ಪ್ರಕಟಿಸಿದ. ಅಲ್ಲಿಯವರೆಗೆ ಊರ ಹಿರಿಯರು, ಶಾಸ್ತ್ರಿಗಳು ಸಂದರ್ಭ ನೋಡಿ ಹಿಗ್ಗಿಸಿ ಕುಗ್ಗಿಸುತ್ತಿದ್ದ ಮಾತು ಈಗ ಕಂಪನಿಯ ನ್ಯಾಯಾಲಯಗಳಲ್ಲಿ ಅಚ್ಚಾದ ಕಾನೂನಾಯಿತು. ಮುಂದೆ ವಕೀಲರು ವಾದಿಸಿದ್ದು ಕುರುಡು ಹುಟ್ಟಿನಿಂದ ಬಂದದ್ದೇ, ಕುಷ್ಠ ಎಷ್ಟು ಉಗ್ರವಾದದ್ದು ಎಂದು. ಹುಟ್ಟುಗುರುಡಾದರೆ ಮಾತ್ರ ಹಕ್ಕು ಹೋಗುತ್ತದೆ ಎಂದು ನ್ಯಾಯಾಲಯಗಳು ನಿಯಮವನ್ನು ಬಿಗಿಮಾಡಿದವು, ಆದರೆ ತೆಗೆದುಹಾಕಲಿಲ್ಲ. ಅಣ್ಣನ ಕಣ್ಣು ಯಾವಾಗ ಹೋಯಿತು ಎಂದು ತಮ್ಮಂದಿರು ಸಾಕ್ಷಿ ನುಡಿಯುವ ಪ್ರಸಂಗ ಬಂತು.

ಬದಲಾವಣೆ ಬಂದದ್ದು 1928ರಲ್ಲಿ. ರೋಗ, ಅಂಗವಿಕಲತೆ, ದೈಹಿಕ ಅಥವಾ ಮಾನಸಿಕ ಊನ ಇವುಗಳ ಕಾರಣಕ್ಕೆ ಮಾತ್ರ ಯಾರನ್ನೂ ಪಾಲಿನಿಂದ ಹೊರಗಿಡಬಾರದು ಎಂದು ಆ ವರ್ಷದ ಕಾಯ್ದೆ ಹೇಳಿತು. ಆದರೆ ಹುಟ್ಟಿನಿಂದ ಬುದ್ಧಿ ಸ್ವಾಧೀನದಲ್ಲಿಲ್ಲದವರನ್ನು ಅದು ಬಾಗಿಲ ಹೊರಗೇ ಬಿಟ್ಟಿತು. ಬಂಗಾಳದ ದಾಯಭಾಗ ಪದ್ಧತಿಯವರಿಗೂ ಅದು ಅನ್ವಯಿಸಲಿಲ್ಲ. ಪೂರ್ತಿ ಬಾಗಿಲು ತೆರೆದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಂ. ರೋಗ, ಊನ, ವಿಕಾರ ಯಾವುದೂ ಇನ್ನು ಉತ್ತರಾಧಿಕಾರಕ್ಕೆ ಅಡ್ಡಿಯಲ್ಲ.

ಕಾನೂನು ಬದಲಾದದ್ದು ಮನೆಗಳಿಗೆ ಗೊತ್ತಾಯಿತೇ? ನಮ್ಮ ಅಜ್ಜಿಯ ತವರಿನಲ್ಲಿ ಹುಟ್ಟಿನಿಂದ ಕಣ್ಣು ಕಾಣದ ದೊಡ್ಡಜ್ಜ ಒಬ್ಬರಿದ್ದರು. 1962ರಲ್ಲಿ ಆ ಮನೆಯ ಪಾಲುಪಟ್ಟಿ ಆದಾಗ ಜಮೀನು ಮೂವರು ತಮ್ಮಂದಿರಿಗೆ ಹಂಚಿಹೋಯಿತು. ಅಣ್ಣನನ್ನು ವರ್ಷಕ್ಕೆ ನಾಲ್ಕು ತಿಂಗಳಂತೆ ಮೂವರೂ ನೋಡಿಕೊಳ್ಳತಕ್ಕದ್ದು ಎಂದು ಕೊನೆಯಲ್ಲಿ ಬರೆಸಿದರು. ಯಾರೂ ಕೆಟ್ಟವರಲ್ಲ. ಯುಗಾದಿಗೆ ಅವರಿಗೆ ಹೊಸ ಪಂಚೆ ತಪ್ಪುತ್ತಿರಲಿಲ್ಲ. ಆದರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಟ್ರಂಕು ಹೊತ್ತು ಹೋಗುವ ದಿನ ಅವರು ಮಾತಾಡುತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ಕಾಯ್ದೆ ಬಂದು ಆರು ವರ್ಷವಾಗಿತ್ತು. ಆ ಮನೆಯಲ್ಲಿ ಇನ್ನೂ ನಡೆಯುತ್ತಿದ್ದದ್ದು ಭರ್ತವ್ಯ, ನಿರಂಶಕ ಎಂಬ ಹಳೆಯ ಜೋಡಿ.

ಈ ಜೋಡಿ ಇವತ್ತು ಹೆಚ್ಚಾಗಿ ಕಾಣುವುದು ವೃದ್ಧರ ವಿಷಯದಲ್ಲಿ. ಈಗ ಯಾರೂ ಅವರನ್ನು ನಿರಂಶಕರನ್ನಾಗಿ ಮಾಡಬೇಕಿಲ್ಲ, ಅವರೇ ಆಗುತ್ತಾರೆ. ಕೊನೆಗಾಲದಲ್ಲಿ ನೋಡಿಕೊಂಡರೆ ಸಾಕು ಎಂದು ಮನೆಯನ್ನು ಮಗನಿಗೋ ಮಗಳಿಗೋ ದಾನಪತ್ರ ಮಾಡಿಕೊಡುತ್ತಾರೆ. ಪಾಲು ಬಿಟ್ಟುಕೊಟ್ಟು ಅನ್ನ ಕೇಳುವ ಅದೇ ಒಪ್ಪಂದ. ತಂದೆತಾಯಿಯನ್ನು ಸಾಕುವ ಹೊಣೆ ಮಗನಷ್ಟೇ ಮಗಳಿಗೂ ಇದೆ ಎಂದು 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆ ಹೇಳಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಅದನ್ನು ಎಲ್ಲ ಧರ್ಮದವರಿಗೂ ಅನ್ವಯಿಸಿತು, ಆದರೆ ತಿಂಗಳಿಗೆ 500 ರೂಪಾಯಿಯ ಮಿತಿ ಹಾಕಿತ್ತು. ಆ ಮಿತಿ ಹೋದದ್ದು 2001ರಲ್ಲಿ.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಮಾತ್ರ ಆ ಹಳೆಯ ಒಪ್ಪಂದಕ್ಕೇ ಕೈಹಾಕಿತು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ಹಿಂದಕ್ಕೆ ಪಡೆಯಬಹುದು. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರೆ ಸಾಕು. ಷರತ್ತು ಪತ್ರದಲ್ಲಿ ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಕಟ್ಟುನಿಟ್ಟಾಗಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಯ ಪ್ರಕರಣದಲ್ಲಿ, ಕಾಯ್ದೆಯನ್ನು ವೃದ್ಧರಿಗೆ ನೆರವಾಗುವಂತೆ ಉದಾರವಾಗಿ ಓದಬೇಕು ಎಂದಿತು. ಇನ್ನೊಂದು ಮಗ್ಗುಲು ತೋರಿಸಿದ್ದು ಬೆಂಗಳೂರಿನ ಪ್ರಕರಣ. ಅತ್ತೆಮಾವ ಇದೇ ಕಾಯ್ದೆ ಬಳಸಿ ಸೊಸೆಯನ್ನು ಮನೆಯಿಂದ ಹೊರಹಾಕಿಸಲು ಹೊರಟಾಗ, ಹಿರಿಯರ ಹಕ್ಕು ಹೆಣ್ಣಿನ ವಾಸದ ಹಕ್ಕನ್ನು ನುಂಗುವಂತಿಲ್ಲ ಎಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಅಂಗವಿಕಲರ ವಿಷಯದಲ್ಲಿ 2016ರ ಕಾಯ್ದೆಯ 13ನೇ ಕಲಂ ಇನ್ನೂ ಮುಂದೆ ಹೋಗಿದೆ. ಆಸ್ತಿ ಹೊಂದುವುದಷ್ಟೇ ಅಲ್ಲ, ತನ್ನ ಹಣದ ವ್ಯವಹಾರವನ್ನು ತಾನೇ ನಡೆಸುವ ಹಕ್ಕನ್ನೂ ಅದು ಕೊಡುತ್ತದೆ. ಒಂಬತ್ತು ಶತಮಾನಗಳಲ್ಲಿ ನಿರಂಶಕ ಅಂಶಭಾಗಿಯಾದ.

ಆದರೂ ಒಂದು ಬಿರುಕು ಉಳಿದಿದೆ. ಮರೆವಿನ ರೋಗದ ತಾಯಿಯ ಹೆಸರಲ್ಲಿ ಬ್ಯಾಂಕಿನಲ್ಲಿ ಹಣವಿದೆ, ಆಕೆಗೆ ಸಹಿ ಮಾಡಲಾಗದು, ಮಗಳಿಗೆ ಅಧಿಕಾರವಿಲ್ಲ. ಮೊದಲೇ ಕೊಟ್ಟ ಅಧಿಕಾರಪತ್ರವೂ, ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದಾಗ 1872ರ ಕರಾರು ಕಾಯ್ದೆಯ 201ನೇ ಕಲಮಿನಂತೆ ಬಿದ್ದುಹೋಗುತ್ತದೆ. ಅದು ಬೇಕಾಗುವ ಹೊತ್ತಿಗೇ ಸಾಯುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಪಾಲಕರನ್ನು ನೇಮಿಸಬಹುದಾದ ಪಟ್ಟಿಯಲ್ಲಿ ಈ ರೋಗದ ಹೆಸರಿಲ್ಲ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ಆಸ್ತಿ ನೋಡಿಕೊಳ್ಳಲು ವ್ಯವಸ್ಥಾಪಕರನ್ನು ನೇಮಿಸುವ ಅಧ್ಯಾಯವಿತ್ತು. ಅದರ ಜಾಗಕ್ಕೆ ಬಂದ 2017ರ ಕಾಯ್ದೆಯಲ್ಲಿ ಅದು ಇಲ್ಲ. ಹೀಗಾಗಿ ಕುಟುಂಬಗಳು ಹೈಕೋರ್ಟಿಗೆ ರಿಟ್ ಹಾಕುತ್ತವೆ. ಕೋಮಾದಲ್ಲಿರುವವರಿಗೆ ಪಾಲಕರನ್ನು ನೇಮಿಸಲು 2019ರಲ್ಲಿ ಕೇರಳ ಹೈಕೋರ್ಟ್ ತಾನೇ ಮಾರ್ಗಸೂಚಿ ರೂಪಿಸಬೇಕಾಯಿತು.

ಹಿಂದೆ ಅನ್ನವಿತ್ತು, ಪಾಲಿರಲಿಲ್ಲ. ಈಗ ಪಾಲಿದೆ, ಆದರೆ ಆ ತಾಯಿಯ ಔಷಧಕ್ಕೆ ಆಕೆಯದೇ ಹಣ ಒದಗುವುದಿಲ್ಲ. ಸಾಕುವವರಿಗೆ ಅಧಿಕಾರ ಕೊಡಬೇಕು, ಆ ಅಧಿಕಾರ ಮತ್ತೆ ಕಬಳಿಕೆಯಾಗದಂತೆ ಲೆಕ್ಕವನ್ನೂ ಕೇಳಬೇಕು. ಕಲ್ಯಾಣದ ಪಂಡಿತ ಒಂದು ಕಟ್ಟಿನಲ್ಲಿ ಬಿಗಿದ ಆ ಎರಡು ಪದಗಳನ್ನು ನಾವು ಬಿಡಿಸಿದ್ದೇವೆ. ಪಾಲನೆ, ಪಾಲು ಎರಡೂ ಒಬ್ಬರಿಗೇ ಸಿಗುವಂಥ ಕಾನೂನನ್ನು ಬರೆಯುವುದು ಬಾಕಿಯಿದೆ.