ಫಿಲಿಪಿನೊ ಸಾಹಿತ್ಯ

ಫಿಲಿಪೀನ್ಸ್ ದ್ವೀಪಸಮೂಹದ ಟಗಾಲೊಗ್, ಇಲೊಕಾನೊ, ಸೆಬುವಾನೊ ಮೊದಲಾದ ದೇಶಭಾಷೆಗಳಲ್ಲೂ ಸ್ಪ್ಯಾನಿಷ್, ಇಂಗ್ಲಿಷ್‌ಗಳಲ್ಲೂ ಬೆಳೆದ ಸಾಹಿತ್ಯ. ಇದರ ಬೇರು ಹಾಡುಗಬ್ಬದಲ್ಲಿದೆ. ಇಫುಗಾವೊ ಜನ ಭತ್ತದ ಬಿತ್ತನೆ, ಕೊಯ್ಲು, ಸಾವಿನ ಜಾಗರಣೆಗಳಲ್ಲಿ ‘ಹುಡ್‌ಹುಡ್’ ಹಾಡುತ್ತಾರೆ; ಮುಂದಾಳು ಗಾಯಕಿ ಸಾಮಾನ್ಯವಾಗಿ ಹಿರಿಯ ಹೆಂಗಸು. ಮಿಂಡನಾವೊದ ಮರನಾವೊ ಜನರಿಗೆ ‘ದರಂಗೆನ್’ ಮಹಾಕಾವ್ಯವಿದೆ. ರಾವಣನ ಹೆಸರು ಹೊತ್ತ ರಾಮಾಯಣದ ಕಥೆ ‘ಮಹಾರಾದಿಯ ಲಾವಾನ’ವೂ ಅವರದೇ.

ಕಿರುಪದ್ಯಗಳಲ್ಲಿ ಈ ಸಾಹಿತ್ಯದ ಸೊಗಸು ಹೆಚ್ಚು. ಟಗಾಲೊಗಿನ ‘ತನಾಗಾ’ಕ್ಕೆ ನಾಲ್ಕೇ ಸಾಲು, ಸಾಲಿಗೆ ಏಳು ಉಚ್ಚಾರಾಂಶ, ಕೊನೆಯಲ್ಲಿ ಪ್ರಾಸ. ತ್ರಿಪದಿಗೆ ಒಗ್ಗಿದ ಕಿವಿಗೆ ಈ ಅಡಕ ಹೊಸದೆನಿಸದು. ಮಿಂದೊರೊ ದ್ವೀಪದ ಹನುನುವೊ ಮಾಂಗ್ಯಾನರು ಏಳು ಉಚ್ಚಾರಾಂಶದ ಸಾಲುಗಳ ‘ಅಂಬಾಹಾನ್’ ಪದ್ಯಗಳನ್ನು ಬಿದಿರಿನ ಮೇಲೆ ಚೂರಿಯಿಂದ ಕೊರೆಯುತ್ತಾರೆ. ಅವರ ಲಿಪಿ ಕನ್ನಡದಂತೆ ಬ್ರಾಹ್ಮೀ ಮೂಲದ್ದು.

ಸ್ಪೇನಿನ ಆಳ್ವಿಕೆಯಲ್ಲಿ ಕ್ರಿಸ್ತನ ಯಾತನೆಯನ್ನು ಹಾಡುವ ‘ಪಾಸ್ಯೋನ್’ ಬಂತು. ಪವಿತ್ರ ವಾರದಲ್ಲಿ ಊರವರು ಈಗಲೂ ಸರದಿಯಲ್ಲಿ ಹಾಡುತ್ತಾರೆ. ರಾಜಕುಮಾರರ ಸಾಹಸ ಹೇಳುವ ಕಥನಕಾವ್ಯಗಳಲ್ಲಿ ಹನ್ನೆರಡು ಉಚ್ಚಾರಾಂಶದ ಸಾಲಿನದು ‘ಅವಿತ್’, ಎಂಟರದು ‘ಕೊರಿಡೊ’. ಕವಿ ಬಲಗ್ತಾಸನ ‘ಫ್ಲೋರಾಂತೆ ಅತ್ ಲೌರಾ’ ಅವಿತ್‌ನ ಶಿಖರ. 1924ರಲ್ಲಿ ಮನಿಲಾದಲ್ಲಿ ಶುರುವಾದ, ಪದ್ಯದಲ್ಲೇ ನಡೆಯುವ ವಾಗ್ವಾದ ‘ಬಲಗ್ತಾಸನ್’ಗೆ ಅವನದೇ ಹೆಸರು.

ಗದ್ಯದಲ್ಲಿ ಹೋಸೆ ರಿಸಾಲ್‌ನದೇ ಮೇಲುಗೈ. ‘ನೋಲಿ ಮೆ ತಾಂಗೆರೆ’ (1887), ‘ಎಲ್ ಫಿಲಿಬುಸ್ತೆರಿಸ್ಮೊ’ (1891) ಕಾದಂಬರಿಗಳು ಸ್ಪ್ಯಾನಿಷ್‌ನಲ್ಲಿದ್ದರೂ ಪಾದ್ರಿಗಳ, ಆಳರಸರ ದಬ್ಬಾಳಿಕೆಯನ್ನೇ ಬಯಲಿಗೆಳೆದವು. 1896ರಲ್ಲಿ ಸ್ಪೇನಿನ ಸರ್ಕಾರ ಅವನನ್ನು ಗುಂಡಿಟ್ಟು ಕೊಂದಿತು. ಬಳಿಕ ಬಂದ ಅಮೆರಿಕದ ಆಳ್ವಿಕೆಯಲ್ಲಿ ಇಂಗ್ಲಿಷ್ ಸಣ್ಣಕಥೆ ಬೆಳೆಯಿತು. ನಿಕ್ ಹೊವಾಕಿನ್ ಅದರ ದೊಡ್ಡ ಹೆಸರು. ಅಧ್ಯಕ್ಷ ಮಾರ್ಕೋಸ್ ಕಾಲದ ಸೇನಾಡಳಿತವನ್ನು ಲುವಾಲ್ಹಾತಿ ಬೌತಿಸ್ತಾ ‘ದೆಕಾದ ’70’ ಕಾದಂಬರಿಯಲ್ಲಿ ಒಬ್ಬ ತಾಯಿಯ ಕಣ್ಣಿಂದ ಚಿತ್ರಿಸಿದ್ದಾರೆ.