ಹಿಮದ ಚಿತ್ರದೊಳಗಿನ ಇತಿಹಾಸ



ಚಿತ್ರದುರ್ಗದ ಬಿಸಿಲಿನಲ್ಲಿ ಬೆಳೆದ ನಮಗೆ ಮಂಜುಗಡ್ಡೆ ಎಂದರೆ ಏನು? ಐಸ್‌ಕ್ಯಾಂಡಿ, ಇಲ್ಲವೇ ಕಬ್ಬಿನ ಹಾಲಿನ ಗಾಡಿಯ ಮೇಲೆ ಗೋಣಿಚೀಲ ಸುತ್ತಿಟ್ಟ ಬರ್ಫ್. ಅಷ್ಟೇ. ಒಮ್ಮೆ ನಾನು ತರಗತಿಯಲ್ಲಿ ಹಿಮಸಮುದ್ರದ ಒಂದು ವರ್ಣಚಿತ್ರವನ್ನು ತೋರಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಇದರಲ್ಲಿ ಒಬ್ಬ ಮನುಷ್ಯನೂ ಇಲ್ಲ. ಇದು ಇತಿಹಾಸ ಹೇಗಾಗುತ್ತದೆ?" ಎಂದು ಕೇಳಿದ. ಆ ದಿನ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ಈ ಲೇಖನವೇ ಅವನಿಗೆ ನನ್ನ ಉತ್ತರ.

ಆ ಚಿತ್ರವನ್ನು ಬರೆದವರು ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಕ್. ಅವರು ಹುಟ್ಟಿದ್ದು 1774ರಲ್ಲಿ. ಆಗ ನಮ್ಮ ದುರ್ಗವನ್ನು ಮದಕರಿ ನಾಯಕ ಆಳುತ್ತಿದ್ದ. ಪ್ರಕೃತಿಯ ಮೂಲಕ ಮನಸ್ಸಿನ ಭಾವನೆಗಳನ್ನು ಹೇಳುವ ರಮ್ಯ ಪಂಥದ ಪ್ರಮುಖ ಕಲಾವಿದರಲ್ಲಿ ಅವರು ಒಬ್ಬರು. 1823-24ರಲ್ಲಿ ಬರೆದ 'ಹಿಮಸಮುದ್ರ' ಚಿತ್ರದಲ್ಲಿ ಮಂಜುಗಡ್ಡೆಯ ಚಪ್ಪಡಿಗಳು ಒಂದರ ಮೇಲೊಂದು ಏರಿ ಗೋಪುರದಂತೆ ನಿಂತಿವೆ. ಬಲಬದಿಯಲ್ಲಿ ಅವುಗಳ ಅಡಿಯಲ್ಲಿ ಒಂದು ಹಡಗು ನುಚ್ಚುನೂರಾಗಿದೆ.

ಆ ಕಾಲದಲ್ಲಿ ಇಂಗ್ಲೆಂಡಿನ ವಿಲಿಯಂ ಪ್ಯಾರಿ ಎಂಬ ನಾವಿಕ ಉತ್ತರ ಧ್ರುವದ ಕಡೆಯ ಸಮುದ್ರಮಾರ್ಗ ಹುಡುಕಲು 1819ರಲ್ಲಿ ಹೊರಟು, ಇಡೀ ಚಳಿಗಾಲ ಹಿಮದಲ್ಲಿ ಸಿಕ್ಕಿಬಿದ್ದಿದ್ದ. ಈ ಸುದ್ದಿ ಯೂರೋಪಿನಲ್ಲೆಲ್ಲ ಹರಡಿತ್ತು. ಆದರೆ ಗಮನಿಸಿ, ಪ್ಯಾರಿಯ ಹಡಗುಗಳು 1820ರಲ್ಲಿ ಸುರಕ್ಷಿತವಾಗಿ ಮರಳಿದವು. ಹಾಗಾದರೆ ಕಲಾವಿದ ಹಡಗನ್ನು ಮುಳುಗಿಸಿದ್ದೇಕೆ?

ಉತ್ತರ ಅವರ ಬಾಲ್ಯದಲ್ಲಿದೆ. 1787ರಲ್ಲಿ, ಫ್ರೀಡ್ರಿಕ್ ಹದಿಮೂರರ ಹುಡುಗನಾಗಿದ್ದಾಗ, ಅವರ ಸಹೋದರ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದು ತೀರಿಕೊಂಡ. ಕಾಸ್ಪರನನ್ನು ಉಳಿಸಲು ಹೋಗಿಯೇ ಪ್ರಾಣ ಕಳೆದುಕೊಂಡನೆಂದು ಹೇಳುತ್ತಾರೆ. ಮೂವತ್ತಾರು ವರ್ಷ ಕಳೆದರೂ ಆ ಗಾಯ ಮಾಯಲಿಲ್ಲವೆಂದು ಈ ಚಿತ್ರ ನೋಡಿದಾಗ ನನಗನ್ನಿಸುತ್ತದೆ. 1840ರಲ್ಲಿ ಫ್ರೀಡ್ರಿಕ್ ನಿಧನರಾಗುವವರೆಗೂ ಇದನ್ನು ಯಾರೂ ಕೊಳ್ಳಲಿಲ್ಲ. ಇಂದು ಅದು ಹ್ಯಾಂಬರ್ಗ್ ನಗರದ ಕಲಾ ಸಂಗ್ರಹಾಲಯದ ಹೆಮ್ಮೆ.

ಜರ್ಮನಿ ದೂರವಾಯಿತೆನ್ನುವಿರಾ? ಹಾಗಾದರೆ ಬೆಂಗಳೂರಿಗೆ ಬನ್ನಿ. ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ರಷ್ಯಾದ ನಿಕೊಲಸ್ ರೋರಿಕ್ ಮತ್ತು ಅವರ ಮಗ ಸ್ವೆತೊಸ್ಲಾವ್ ರೋರಿಕ್ ಅವರ ಚಿತ್ರಗಳಿವೆ. ತಂದೆ ಹುಟ್ಟಿದ್ದು 1874ರಲ್ಲಿ, ಫ್ರೀಡ್ರಿಕ್ ಹುಟ್ಟಿ ಸರಿಯಾಗಿ ನೂರು ವರ್ಷಕ್ಕೆ. ಮಗ ನಟಿ ದೇವಿಕಾರಾಣಿಯವರನ್ನು 1945ರಲ್ಲಿ ಮದುವೆಯಾಗಿ, ಮುಂದೆ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದರು. 1993ರಲ್ಲಿ ಬೆಂಗಳೂರಿನಲ್ಲೇ ಕಣ್ಮುಚ್ಚಿದರು.

ತಂದೆ ರೋರಿಕ್ ಹಿಮಾಲಯವನ್ನು ಬರೆದವರು. ಅವರಿಗೂ ಹಿಮ ದಯೆ ತೋರಲಿಲ್ಲ. ಮಧ್ಯ ಏಷ್ಯಾದ ಯಾತ್ರೆಯಲ್ಲಿ, 1927ರ ಅಕ್ಟೋಬರ್‌ನಲ್ಲಿ, ಟಿಬೆಟಿನ ಅಧಿಕಾರಿಗಳು ಅವರ ತಂಡವನ್ನು ಎತ್ತರದ ಬಯಲಿನಲ್ಲಿ ತಡೆದು ನಿಲ್ಲಿಸಿದರು. ಹೆಂಡತಿ ಹೆಲೆನಾ, ಹಿರಿಯ ಮಗ ಜಾರ್ಜ್ ಜೊತೆಗಿದ್ದರು. ಐದು ತಿಂಗಳು ಬೇಸಿಗೆಯ ಡೇರೆಗಳಲ್ಲೇ ಆ ಭೀಕರ ಚಳಿಯನ್ನು ಕಳೆಯಬೇಕಾಯಿತು. ತಂಡದ ಐವರು ಸತ್ತರು. ಸರಕು ಹೊರುವ ಪ್ರಾಣಿಗಳಲ್ಲಿ ಬಹುಪಾಲು ಸತ್ತುಹೋದವು. 1928ರ ಮಾರ್ಚ್‌ನಲ್ಲಷ್ಟೇ ಮುಂದೆ ಸಾಗಲು ಅನುಮತಿ ಸಿಕ್ಕಿತು.

ಇಷ್ಟಾದರೂ ರೋರಿಕ್ ಹಿಮದ ಮೇಲೆ ಮುನಿಯಲಿಲ್ಲ. ಕುಲು ಕಣಿವೆಯ ನಗ್ಗರ್‌ನಲ್ಲಿ ಮನೆ ಮಾಡಿ, 1947ರಲ್ಲಿ ನಿಧನರಾಗುವವರೆಗೂ ಅದೇ ಶಿಖರಗಳನ್ನು ನೀಲಿ, ನೇರಳೆ, ಕೆಂಪು ಬಣ್ಣಗಳಲ್ಲಿ ಪ್ರೀತಿಯಿಂದ ಬರೆದರು. ಉರ್ದು ಓದುವವರಿಗೆ ಇಲ್ಲಿ ಇಕ್ಬಾಲರ ನೆನಪಾಗುತ್ತದೆ. ಅವರ 'ಬಾಂಗ್-ಎ-ದರಾ' ಸಂಕಲನದ ಮೊದಲ ಕವಿತೆಯೇ 'ಹಿಮಾಲಾ'. ಅದು ಮೊದಲು ಪತ್ರಿಕೆಯಲ್ಲಿ ಅಚ್ಚಾದದ್ದು 1901ರಲ್ಲಿ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಮಗು, ಚಿತ್ರದ ಒಳಗೆ ಮನುಷ್ಯನಿಲ್ಲದಿದ್ದರೂ ಅದರ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಒಬ್ಬನು ತನ್ನ ನೋವನ್ನು ಮಂಜುಗಡ್ಡೆಯಲ್ಲಿ ಇಟ್ಟ. ಇನ್ನೊಬ್ಬನು ನೋವನ್ನು ದಾಟಿ ಬೆಳಕನ್ನು ಬರೆದ. ಶಾಸನ, ನಾಣ್ಯಗಳಂತೆ ಚಿತ್ರವೂ ಒಂದು ದಾಖಲೆಯೇ. ಯಾರು ಬರೆದರು, ಯಾವಾಗ ಬರೆದರು, ಅವರ ಬಾಳಿನಲ್ಲಿ ಏನು ನಡೆದಿತ್ತು ಎಂಬ ಮೂರು ಪ್ರಶ್ನೆ ಕೇಳಿದರೆ ಅದು ಮಾತಾಡುತ್ತದೆ.

ಪೋಷಕರಲ್ಲಿ ಮತ್ತು ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಶಾಲಾ ಪ್ರವಾಸವೆಂದರೆ ವಿಧಾನಸೌಧ, ಲಾಲ್‌ಬಾಗ್ ತೋರಿಸಿ ಬಸ್ಸು ತಿರುಗಿಸುತ್ತೇವೆ. ನಾನೂ ಹಲವು ಬಾರಿ ಹಾಗೆಯೇ ಮಾಡಿದ್ದೇನೆ. ಚಿತ್ರಶಾಲೆ ದೊಡ್ಡವರಿಗೆ, ಹಣವಂತರಿಗೆ ಎಂಬ ಅಳುಕು ನಮ್ಮ ಮಕ್ಕಳಿಗಿಂತ ಮೊದಲು ನಮ್ಮಲ್ಲೇ ಇದೆ. ಮುಂದಿನ ಸಲ ವಿಧಾನಸೌಧ ನೋಡಿದ ಮೇಲೆ ಪರಿಷತ್ತಿನ ಬಾಗಿಲಲ್ಲೂ ಬಸ್ಸು ನಿಲ್ಲಿಸಿ. ಹಿಮವನ್ನೇ ಕಾಣದ ಮಕ್ಕಳು ಅರ್ಧ ಗಂಟೆ ಹಿಮಾಲಯದ ಮುಂದೆ ನಿಲ್ಲಲಿ. ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ. ಉತ್ತರ ಓದಿಕೊಂಡು ಹೋಗುವುದು ನಮ್ಮ ಕೆಲಸ.